ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಪಕ್ಷಗಳೆಲ್ಲಿ?

ಮಾನ್ಯ ಸಂಪಾದಕರೇ,

ಶಾಲೆಗಳು ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಯ ಚಿತ್ರಗಳು ಕಾಣತೊಡಗುತ್ತವೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮಕ್ಕಳು, ಹೆಸರಿನ ಪಟ್ಟಿ ಹಿಡಿದು ಕೂತ ಪುಟಾಣಿ ಮತಗಟ್ಟೆ ಅಧಿಕಾರಿ, ಮೊಬೈಲ್ ಆ್ಯಪ್‌ನಲ್ಲಿ ಮತಯಂತ್ರ, ಕೊನೆಗೆ ಹಾರ ಹಾಕಿಸಿಕೊಂಡ ‘ಮುಖ್ಯಮಂತ್ರಿ’. ಪಠ್ಯದ ಒತ್ತಡದ ನಡುವೆ ಶಿಕ್ಷಕರು ಇಷ್ಟು ಮಾಡುತ್ತಿರುವುದು ಸಣ್ಣ ಮಾತಲ್ಲ. ಆದರೆ ಈ ಚುನಾವಣೆಯಲ್ಲಿ ಮಕ್ಕಳು ಕಲಿಯುತ್ತಿರುವುದು ನಮ್ಮ ದೇಶದ ವ್ಯವಸ್ಥೆಯನ್ನಲ್ಲ.

ಬಹಳಷ್ಟು ಕಡೆ ನಡೆಯುವುದು ಹೀಗೆ: ಏಳೆಂಟು ಮಕ್ಕಳು ಸ್ಪರ್ಧೆಗೆ ನಿಲ್ಲುತ್ತಾರೆ, ಇಡೀ ಶಾಲೆ ಮತ ಹಾಕುತ್ತದೆ. ಹೆಚ್ಚು ಮತ ಬಂದವರು ಮುಖ್ಯಮಂತ್ರಿ, ಎರಡನೆಯವರು ಉಪಮುಖ್ಯಮಂತ್ರಿ ಇಲ್ಲವೇ ವಿರೋಧ ಪಕ್ಷದ ನಾಯಕ, ಮಿಕ್ಕವರಿಗೆ ಆರೋಗ್ಯ, ಕ್ರೀಡೆ, ಆಹಾರ, ಸ್ವಚ್ಛತೆಯ ಖಾತೆ. ಕರ್ನಾಟಕದ ಯಾವ ಮತದಾರನೂ ಮುಖ್ಯಮಂತ್ರಿಗೆ ನೇರವಾಗಿ ಮತ ಹಾಕುವುದಿಲ್ಲ. 224 ಕ್ಷೇತ್ರಗಳಲ್ಲಿ ಶಾಸಕರನ್ನು ಆರಿಸುತ್ತೇವೆ. 113 ಶಾಸಕರು ಯಾರ ಬೆನ್ನಿಗಿದ್ದಾರೋ ಅವರು ಆ ಕುರ್ಚಿಯಲ್ಲಿ ಕೂರುತ್ತಾರೆ. ಆ 113 ಜನರನ್ನು ಒಟ್ಟಿಗೆ ಹಿಡಿದಿಡುವುದು ಪಕ್ಷ. ಶಾಲೆಯ ಚುನಾವಣೆಯಲ್ಲಿ ಮುಖ್ಯವಾಗಿ ಇಲ್ಲದಿರುವುದು ಅದೇ. ಪಕ್ಷವೇ ಇಲ್ಲದ ಮೇಲೆ ವಿರೋಧ ಪಕ್ಷದ ನಾಯಕ ಎಲ್ಲಿಂದ ಬರಬೇಕು? ಗೆದ್ದವರೂ ಸೋತವರೂ ಒಂದೇ ಮಂತ್ರಿಮಂಡಲದಲ್ಲಿ ಕೂತರೆ, ಪ್ರಶ್ನೆ ಕೇಳುವವರು ಯಾರು?

ಶಿಕ್ಷಕರು ಪಕ್ಷದ ಮಾತು ಬಂದಾಗ ಹಿಂಜರಿಯುವುದಕ್ಕೆ ಕಾರಣವಿದೆ. ಸರ್ಕಾರಿ ನೌಕರರು ರಾಜಕೀಯ ಪಕ್ಷದ ಚಟುವಟಿಕೆಯಲ್ಲಿ ಭಾಗವಹಿಸಬಾರದು ಎಂದು ನಡತೆ ನಿಯಮಗಳು ಹೇಳುತ್ತವೆ. ಊರಿನಲ್ಲಿ ಎರಡು ಬಣವಿದ್ದರೆ ಒಂದು ಮಾತು ಸಂಜೆಯೊಳಗೆ ಬೇರೆಯೇ ರೂಪ ತಾಳುತ್ತದೆ. ಆದರೆ ಪಕ್ಷಕ್ಕೆ ದುಡಿಯುವುದು ಬೇರೆ, ಪಕ್ಷವೆಂದರೇನು ಎಂದು ಪಾಠ ಮಾಡುವುದು ಬೇರೆ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಚುನಾವಣಾ ವ್ಯವಸ್ಥೆಯ ಪಾಠವೇ ಇದೆ. ಚುನಾವಣಾ ಆಯೋಗದ ಮತದಾರರ ಸಾಕ್ಷರತಾ ಕ್ಲಬ್‌ಗಳೂ ಪ್ರೌಢಶಾಲೆಗಳಿಗೆ ಬಂದಿವೆ. ಅವುಗಳ ಆಟ–ಚಟುವಟಿಕೆಗಳು ಮತದಾರರ ಪಟ್ಟಿ, ಮತಯಂತ್ರ, ನೈತಿಕ ಮತದಾನದ ಸುತ್ತ ಚೆನ್ನಾಗಿವೆ. ಮತದಾರ ಯಾರ ನಡುವೆ ಆರಿಸಬೇಕೋ ಆ ಪಕ್ಷಗಳ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಮೌನ.

ಪಕ್ಷಗಳನ್ನು ಒಳಗೆ ತಂದು ಈ ಚುನಾವಣೆ ನಡೆಸುವುದು ಕಷ್ಟವೇನಲ್ಲ. 240 ಮಕ್ಕಳಿರುವ ಒಂದು ಪ್ರೌಢಶಾಲೆಯನ್ನೇ ತೆಗೆದುಕೊಳ್ಳಿ: ಮೂರು ತರಗತಿ, ಆರು ವಿಭಾಗ, ವಿಭಾಗಕ್ಕೆ 40 ಮಕ್ಕಳು. ಪ್ರತಿ ವಿಭಾಗವನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಎರಡು ಕ್ಷೇತ್ರ ಮಾಡಿದರೆ 12 ಕ್ಷೇತ್ರಗಳಾಗುತ್ತವೆ, ಬಹುಮತಕ್ಕೆ 7 ಸ್ಥಾನ ಬೇಕು. ಕ್ಷೇತ್ರದಲ್ಲಿ 20ಕ್ಕಿಂತ ಕಡಿಮೆ ಮತದಾರರಿರಬಾರದು. ಹತ್ತೇ ಜನರಿದ್ದರೆ ಯಾರು ಯಾರಿಗೆ ಹಾಕಿದರು ಎಂಬುದು ಎಣಿಕೆಯ ದಿನವೇ ಬಯಲಾಗುತ್ತದೆ. ನಮ್ಮ ಪಂಚಾಯಿತಿಗಳಲ್ಲಿರುವಂತೆ ಅರ್ಧ ಕ್ಷೇತ್ರಗಳನ್ನು ಹುಡುಗಿಯರಿಗೆ ಮೀಸಲಿಡಿ. ಯಾವ ಆರು ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ತೀರ್ಮಾನಿಸಿ.

ಪಕ್ಷ ಕಟ್ಟುವ ಕೆಲಸಕ್ಕೆ ಮೂರು ದಿನ ಬಿಡಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ಪಕ್ಷವು ನೋಂದಣಿಯಾಗಬೇಕು, ಸಂವಿಧಾನಕ್ಕೆ ನಿಷ್ಠೆ ತೋರುವ ನಿಯಮಾವಳಿ ಇರಬೇಕು. ಆಯೋಗವು ಕನಿಷ್ಠ 100 ಸದಸ್ಯರ ಪಟ್ಟಿ ಕೇಳುತ್ತದೆ. ಶಾಲೆಯಲ್ಲಿ 100ರ ಬದಲು 10 ಸಹಿ ಸಾಕು, ಆದರೆ ಆ ಹತ್ತು ಜನ ಕನಿಷ್ಠ ಎರಡು ತರಗತಿಗಳವರಾಗಿರಲಿ. ಈ ನಿಯಮ ಬಿಟ್ಟರೆ ಒಂದು ಬೆಂಚಿನ ಗೆಳೆಯರ ಗುಂಪೇ ಪಕ್ಷವಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಒಂದು ಕೇರಿಯ ಮಕ್ಕಳೇ ಒಂದು ಪಕ್ಷವಾಗಿಬಿಡುತ್ತಾರೆ. ಹಾಗಾಗುತ್ತಿರುವ ಸುಳಿವು ಸಿಕ್ಕರೆ ಶಿಕ್ಷಕರು ಸುಮ್ಮನಿರಬಾರದು. ಪಕ್ಷವೆಂದರೆ ಬೇರೆಬೇರೆ ಹಿನ್ನೆಲೆಯವರು ಒಂದು ಕೆಲಸಕ್ಕೆ ಒಪ್ಪಿ ಸೇರುವುದು ಎಂದು ಹೇಳುವ ಸಮಯ ಅದೇ. ಹೆಸರು ಮತ್ತು ಚಿಹ್ನೆಯನ್ನು ಮಕ್ಕಳೇ ಇಟ್ಟುಕೊಳ್ಳಲಿ: ಬುಗುರಿ, ಕೊಡ, ಬುತ್ತಿ, ಕಂಪಾಸು ಪೆಟ್ಟಿಗೆ. ಕಮಲ, ಕೈ, ತೆನೆ ಹೊತ್ತ ಮಹಿಳೆ, ಪೊರಕೆ, ಆನೆ, ಸೈಕಲ್ ಹತ್ತಿರ ಸುಳಿಯಬಾರದು, ಅವುಗಳ ಬಣ್ಣಗಳೂ ಬೇಡ.

ಬಿ ಫಾರಂ ಎಂಬ ಪದ ಹಳ್ಳಿಯ ಚಹಾದಂಗಡಿಯಲ್ಲೂ ಕೇಳಿಬರುತ್ತದೆ, ಅದೇನೆಂದು ಮಕ್ಕಳಿಗೆ ಗೊತ್ತಿರುವುದಿಲ್ಲ. ಪಕ್ಷದ ಪರವಾಗಿ ಸಹಿ ಮಾಡುವ ಅಧಿಕಾರ ಯಾರಿಗಿದೆ ಎಂದು ತಿಳಿಸುವುದು ಎ ಫಾರಂ. ಈ ಕ್ಷೇತ್ರಕ್ಕೆ ನಮ್ಮ ಅಭ್ಯರ್ಥಿ ಇವರೇ ಎಂದು ಹೇಳುವುದು ಬಿ ಫಾರಂ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈಸೇರದಿದ್ದರೆ ಪಕ್ಷದ ಚಿಹ್ನೆ ಸಿಗದು. ಇದನ್ನು ಹಾಗೆಯೇ ಶಾಲೆಗೆ ತನ್ನಿ, ಗಡಿಯಾರ ನೋಡಿ ಬಾಗಿಲು ಹಾಕಿ. ಮೊದಲ ಸಲ ಆಗುವ ಎಡವಟ್ಟೂ ಗೊತ್ತಿರುವಂಥದ್ದೇ: ಪಕ್ಷದ ಅಧ್ಯಕ್ಷನಾದ ಹುಡುಗ ತನ್ನ ಆಪ್ತರಿಗೇ ಬಿ ಫಾರಂ ಹಂಚುತ್ತಾನೆ, ಸಿಗದವರು ಮುನಿಸಿಕೊಂಡು ಪಕ್ಷೇತರರಾಗಿ ನಿಲ್ಲುತ್ತಾರೆ. ಶಿಕ್ಷಕರು ನಡುವೆ ಹೋಗಿ ರಾಜಿ ಮಾಡಿಸಬಾರದು. ಟಿಕೆಟ್ ಯಾರು ಕೊಡಬೇಕು, ಅಧ್ಯಕ್ಷನೊಬ್ಬನೋ ಹತ್ತೂ ಸದಸ್ಯರ ಮತವೋ, ಎಂಬ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಪಕ್ಷದೊಳಗಿನ ಪ್ರಜಾಪ್ರಭುತ್ವದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಪ್ರಚಾರದ ಖರ್ಚಿಗೆ ಕಡಿವಾಣ ಬೇಕೇಬೇಕು. ವಿಧಾನಸಭಾ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿಯ ಮಿತಿ ಇದೆ, ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಕೊಡಬೇಕು. ಶಾಲೆಯಲ್ಲಿ ಪ್ರತಿ ಪಕ್ಷಕ್ಕೆ ನಾಲ್ಕು ಡ್ರಾಯಿಂಗ್ ಶೀಟು, ಒಂದು ಕಟ್ಟು ಸ್ಕೆಚ್ ಪೆನ್ನು ಶಾಲೆಯಿಂದಲೇ ಕೊಡಿ. ಹೊರಗಿನಿಂದ ಒಂದು ರೂಪಾಯಿಯ ಸಾಮಾನೂ ಬರಬಾರದು. ಚಾಕೊಲೇಟ್ ಹಂಚುವುದನ್ನು ‘ಮಕ್ಕಳಲ್ಲವೇ’ ಎಂದು ನಕ್ಕು ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಆ ಅಭ್ಯರ್ಥಿಯ ಹೆಸರು ಕಣದಿಂದ ಹೋಗಬೇಕು, ಕಾರಣವನ್ನು ಫಲಕದ ಮೇಲೆ ಬರೆಯಬೇಕು. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕೆಂಬ ನಿಯಮವನ್ನೂ ಪಾಲಿಸಿ.

ಮತದಾನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪು ನಡೆಯುವುದು ಇಲ್ಲೇ. ನಿಜವಾದ ಮತಯಂತ್ರದಲ್ಲಿ ಎರಡು ಭಾಗಗಳಿವೆ. ಕಂಟ್ರೋಲ್ ಯೂನಿಟ್ ಅಧಿಕಾರಿಯ ಮೇಜಿನ ಮೇಲೆ, ಬ್ಯಾಲೆಟ್ ಯೂನಿಟ್ ಮರೆಯೊಳಗೆ, ನಡುವೆ ಐದು ಮೀಟರ್ ಕೇಬಲ್. ಅಧಿಕಾರಿ ಅನುಮತಿ ಕೊಡಬೇಕು, ಆದರೆ ಒತ್ತಿದ ಗುಂಡಿಯನ್ನು ನೋಡಬಾರದು ಎಂದೇ ಹೀಗೆ ಎರಡು ಮಾಡಿದ್ದು. ಒಂದೇ ಮೊಬೈಲ್‌ನಲ್ಲಿ ಮತ ಹಾಕಿಸಿದಾಗ ಈ ಎರಡೂ ಸೇರಿಹೋಗುತ್ತವೆ. ಶಿಕ್ಷಕಿ ಪಕ್ಕದಲ್ಲೇ ಕೂತು ಪರದೆ ಸರಿಪಡಿಸುತ್ತಿರುತ್ತಾರೆ, ಮಗು ಅವರ ಮುಖ ನೋಡಿ ಒತ್ತುತ್ತದೆ. ಗುಟ್ಟಿನ ಮತ ಎಂಬುದನ್ನು ಮಗು ಕಲಿಯುವುದೇ ಇಲ್ಲ.

ಕಾಗದದ ಮತಪತ್ರವೇ ಮೇಲು. ಒಂದು ಎ4 ಹಾಳೆಯಲ್ಲಿ ನಾಲ್ಕು ಮತಪತ್ರ ಆಗುತ್ತವೆ, ಕ್ಷೇತ್ರಕ್ಕೆ ಐದು ಹಾಳೆ, ಇಡೀ ಶಾಲೆಗೆ 60. ಪೆನ್ನಿನ ಗುರುತು ಬೇಡ, ಒತ್ತಿ ಬರೆದ ರೀತಿಯಿಂದಲೇ ಯಾರದೆಂದು ತಿಳಿಯುತ್ತದೆ. ಅಡುಗೆ ಕೋಣೆಯಿಂದ ಬಲಿತ ಬೆಂಡೆಕಾಯಿ ತರಿಸಿ ಅಡ್ಡಡ್ಡ ಕತ್ತರಿಸಿ. ಸ್ಟಾಂಪ್ ಪ್ಯಾಡಿಗೆ ಒತ್ತಿ ಮತಪತ್ರದ ಮೇಲಿಟ್ಟರೆ ಐದು ಎಸಳಿನ ಹೂವು ಮೂಡುತ್ತದೆ, ಎಲ್ಲರದೂ ಒಂದೇ ಥರ. ಎಳೆಯ ಕಾಯಿ ಲೋಳೆ ಬಿಟ್ಟು ಶಾಯಿ ಹರಡುತ್ತದೆ, ಹಾಗಾಗಿ ಬಲಿತದ್ದೇ ಬೇಕು. 40 ಮತಗಳಿಗೊಮ್ಮೆ ಹೊಸ ತುಂಡು. ಮಡಿಚುವುದರಲ್ಲೂ ಒಂದು ವಿಷಯವಿದೆ. ಹೆಸರುಗಳು ಒಂದರ ಕೆಳಗೊಂದು ಇರುತ್ತವಲ್ಲ, ಅಡ್ಡ ಮಡಿಚಿದರೆ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಮನೆಗೆ ಅಂಟಿ ಮತ ತಿರಸ್ಕೃತವಾಗುತ್ತದೆ. ಮೊದಲು ಉದ್ದಕ್ಕೆ ಮಡಿಚಬೇಕು, ಆಗ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಅಂಟುತ್ತದೆ. ನಮ್ಮ ನಿಜವಾದ ಮತಪತ್ರದ ಮೇಲೆ ಒತ್ತುವ ಬಾಣದಡ್ಡ (ಆ್ಯರೋ ಕ್ರಾಸ್) ಮುದ್ರೆಯನ್ನು ರೂಪಿಸಿದ್ದೂ ಇದಕ್ಕೇ, ಕನ್ನಡಿಯಂತೆ ತಿರುಗಿ ಅಂಟಿದ ಗುರುತು ಮೂಲದಿಂದ ಬೇರೆಯಾಗಿ ಕಾಣಲಿ ಎಂದು. ಮತಪತ್ರದ ಮೇಲೆ ಹಾಜರಿ ಸಂಖ್ಯೆ ಬರೆಸುವ ತಪ್ಪನ್ನಂತೂ ಮಾಡಲೇಬೇಡಿ. ಬೆರಳಿಗೆ ಹಚ್ಚುವಾಗ ಆ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದ ಇಡೀ ದೇಶಕ್ಕೆ ಹೋಗುತ್ತಿರುವುದು ನಮ್ಮ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯಿಂದ ಎಂದೂ ಹೇಳಿ, ಮಕ್ಕಳ ಕಣ್ಣರಳುತ್ತದೆ.

ಎಣಿಕೆಯಲ್ಲಿ ಸಮ ಬಂದರೆ ಚೀಟಿ ಎತ್ತುವುದೇ ಕಾನೂನು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಮತದಿಂದ, 2023ರಲ್ಲಿ ಜಯನಗರ 16 ಮತದಿಂದ ತೀರ್ಮಾನವಾದದ್ದನ್ನು ಇಲ್ಲೇ ನೆನಪಿಸಬಹುದು.

ನಿಜವಾದ ಪಾಠ ಶುರುವಾಗುವುದು ಫಲಿತಾಂಶದ ಮೇಲೆ. ಬುಗುರಿಗೆ 5, ಕೊಡಕ್ಕೆ 4, ಬುತ್ತಿಗೆ 3 ಬಂತೆನ್ನಿ. ದೊಡ್ಡ ಪಕ್ಷವೇ ಸರ್ಕಾರ ಎಂದು ಘೋಷಿಸಿ ಮುಗಿಸುವ ಅವಸರ ಎಲ್ಲರಿಗೂ ಇರುತ್ತದೆ. ಒಂದು ಪೂರ್ತಿ ದಿನ ಬಿಡಿ. ಯಾರು ಯಾರ ಜೊತೆ, ಯಾವ ಕೆಲಸಕ್ಕೆ ಒಪ್ಪಿ ಸೇರುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದು ತರಲಿ. ಮೊದಲು ಸಭಾಧ್ಯಕ್ಷರ ಆಯ್ಕೆ, ಬಳಿಕ ವಿಶ್ವಾಸಮತ. ಬಹುಮತವಿದೆಯೋ ಇಲ್ಲವೋ ಎಂಬುದು ಸದನದಲ್ಲೇ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ನಮ್ಮದೇ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. 2018ರ ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ ವಿಶ್ವಾಸಮತಕ್ಕೆ ಮುನ್ನವೇ 19ರಂದು ರಾಜೀನಾಮೆ ಕೊಟ್ಟಿದ್ದು, ನಂತರ ಬಂದ ಮೈತ್ರಿ ಸರ್ಕಾರ 2019ರ ಜುಲೈ 23ರಂದು 99–105ರಿಂದ ಬಿದ್ದದ್ದು, ಇವೆರಡನ್ನೂ ಹೇಳಿದರೆ ಮಕ್ಕಳಿಗೆ ಏಳು ಕೈಗಳ ಬೆಲೆ ಗೊತ್ತಾಗುತ್ತದೆ. ವರ್ಷದ ನಡುವೆ ಒಬ್ಬ ಸದಸ್ಯ ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತದೆ, ಉಪಚುನಾವಣೆ. ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬ ಮಾತು ಮೊದಲು ಬಂದದ್ದೇ 1985ರಲ್ಲಿ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯ ಮೂಲಕ.

ಇನ್ನು ನಿಜವಾದ ಪಕ್ಷಗಳ ಪಾಠ. ಯಾವ ಶಿಕ್ಷಕರೂ ಅಭಿಪ್ರಾಯ ಹೇಳದೆ ಅಂಕಿಗಳಿಂದಲೇ ಬೇಕಾದಷ್ಟು ಕಲಿಸಬಹುದು. 2018ರಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. ಅದೇ ವರ್ಷ ಕಾಂಗ್ರೆಸ್‌ಗೆ ಶೇ 38ರಷ್ಟು ಮತ ಬಂದರೂ ಸ್ಥಾನ ಕಡಿಮೆ. 2023ರಲ್ಲಿ ಬಿಜೆಪಿಗೆ ಮತ್ತೆ ಶೇ 36, ಸ್ಥಾನ ಮಾತ್ರ 66. ಶೇ 43ರಷ್ಟು ಮತ ಪಡೆದ ಕಾಂಗ್ರೆಸ್‌ಗೆ 135. ಅದೇ ಶೇ 36 ಒಮ್ಮೆ 104 ಆಗಿದ್ದು, ಇನ್ನೊಮ್ಮೆ 66 ಆಗಿದ್ದು ಹೇಗೆ? ತರಗತಿಯಲ್ಲಿ ಈ ಪ್ರಶ್ನೆ ಬರೆದು ಹತ್ತು ನಿಮಿಷ ಬಿಡಿ. ಎದುರಾಳಿಯ ಮತ ಒಂದೆಡೆ ಸೇರಿತೋ ಹಂಚಿಹೋಯಿತೋ ಎಂಬ ಉತ್ತರಕ್ಕೆ ಹದಿನಾಲ್ಕರ ಮಗು ತಾನೇ ಬರುತ್ತದೆ.

ಪ್ರಣಾಳಿಕೆಗಳನ್ನು ಓದಿಸುವ ಒಳ್ಳೆಯ ದಾರಿಯೂ ಇದೆ. ಮೂರು ಪಕ್ಷಗಳ ಪ್ರಣಾಳಿಕೆಯಿಂದ ಶಾಲಾ ಶಿಕ್ಷಣದ ಭಾಗವನ್ನಷ್ಟೇ ನಕಲು ತೆಗೆಸಿ, ಹೆಸರು–ಚಿಹ್ನೆ–ಬಣ್ಣ ಮುಚ್ಚಿ, ಒಂದು, ಎರಡು, ಮೂರು ಎಂದು ಬರೆದು ಕೊಡಿ. ಯಾವುದು ಮಾಡಲಾಗುವಂಥದ್ದು, ದುಡ್ಡು ಎಲ್ಲಿಂದ, ಎಷ್ಟು ದಿನದಲ್ಲಿ, ಇವಿಷ್ಟನ್ನು ಚರ್ಚಿಸಿದ ಮೇಲೆ ಹೆಸರು ತೆರೆಯಿರಿ. ಒಂದೇ ಪಕ್ಷದ ಉದಾಹರಣೆ ಯಾವತ್ತೂ ಬೇಡ. ‘ನಿಮ್ಮ ಮನೆಯವರು ಯಾರಿಗೆ ಹಾಕುತ್ತಾರೆ’ ಎಂದು ಮಗುವನ್ನು ಕೇಳುವುದು ಕೂಡದೇ ಕೂಡದು. ಮಾದರಿ ನೀತಿಸಂಹಿತೆ ಜಾರಿಯಲ್ಲಿದ್ದಾಗ ಈ ಚಟುವಟಿಕೆಯನ್ನು ಮುಂದೂಡಿ. ಹಳ್ಳಿಯ ಮಕ್ಕಳು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷವೇಕಿಲ್ಲ ಎಂದು ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ಆ ಒಂದು ಹಂತವನ್ನು ಪಕ್ಷದ ಚಿಹ್ನೆಯಿಲ್ಲದೆ ನಡೆಸುತ್ತಾರೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಚಿಹ್ನೆ ಇರುತ್ತದೆ ಎಂದು ಸ್ಪಷ್ಟವಾಗಿ ಹೇಳಿ.

ಚುನಾವಣೆ ಮುಗಿದ ಮೇಲೆ ಸಂಸತ್ತನ್ನು ಮರೆತುಬಿಡುವ ಶಾಲೆಗಳೇ ಹೆಚ್ಚು. ತಿಂಗಳಿಗೊಂದು ಅವಧಿ, 40 ನಿಮಿಷ, ಪ್ರಶ್ನೋತ್ತರಕ್ಕೆ ಸಾಕು. ಮೂರು ದಿನ ಮೊದಲೇ ಪ್ರಶ್ನೆ ಬರೆದುಕೊಡಬೇಕು. ಹುಡುಗಿಯರ ಶೌಚಾಲಯದಲ್ಲಿ ನೀರು ಯಾವ ದಿನ ಇರಲಿಲ್ಲ, ಗ್ರಂಥಾಲಯದ ಬೀರು ಎಷ್ಟು ದಿನ ತೆರೆಯಿತು ಎಂಬಂಥವು. ಮಂತ್ರಿಯ ಕೈಯಲ್ಲಿ ಆಗದ್ದನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಲಿಖಿತವಾಗಿ ಕಳಿಸಲಿ, ಮಕ್ಕಳ ಗ್ರಾಮಸಭೆ ಬಂದಾಗ ಅದೇ ಹಾಳೆ ಅಲ್ಲಿಗೂ ಹೋಗಲಿ.

ಜೂನ್ ತಿಂಗಳಲ್ಲಿ ಶಾಲಾ ಸಂಸತ್ತಿನ ಸುತ್ತೋಲೆ ಹೊರಡಿಸುವಾಗ ಕ್ಷೇತ್ರ, ಪಕ್ಷ, ವಿಶ್ವಾಸಮತ ಈ ಮೂರನ್ನೂ ಸೇರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇವೆ. ನಿಮ್ಮಲ್ಲೂ ಒಂದು ಕೋರಿಕೆ: ಬರುವ ಜುಲೈನಲ್ಲಿ ಹಾರ ಹಾಕಿದ ಚಿತ್ರದ ಕೆಳಗೆ, ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಬಂತು, ವಿರೋಧ ಪಕ್ಷ ಕೇಳಿದ ಮೊದಲ ಪ್ರಶ್ನೆ ಯಾವುದು ಎಂಬ ಎರಡು ಸಾಲನ್ನೂ ಅಚ್ಚು ಮಾಡಿ.

ಇಂತಿ,
ಕೆಲವು ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕರು