ಅವನನ್ನೇ ಕೇಳಿದವರಿಗೆ

ಈ ಯುಗಾದಿಗೆ ನನ್ನ ತಮ್ಮ ಹಾಸನದ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬಿತು. ಅವನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಕಾಯಿಲೆ ಹೋಗಿಲ್ಲ, ಮಾತ್ರೆ ನಿಂತಿಲ್ಲ. ಅವುಗಳ ಜೊತೆಗೇ ಒಂದು ವರ್ಷ ದುಡಿದಿದ್ದಾನೆ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರು ಕೈಮುಗಿಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆದದ್ದನ್ನು ಮೊದಲು ಅವನಿಗೇ ಓದಲು ಕೊಟ್ಟೆ. ಎರಡು ಸಾಲು ತೆಗೆಸಿದ, ಉಳಿದದ್ದಕ್ಕೆ ಹೂಂ ಅಂದ.

ನಾನು ಹೇಳುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದವರ ಬಗ್ಗೆ. ಆ ಹೆಸರು ಬಂದರೆ ನಮ್ಮ ಕಡೆ ಇನ್ನೂ ದನಿ ತಗ್ಗಿಸಿ ಮಾತಾಡುತ್ತಾರೆ. 1974ರಲ್ಲಿ ನಿಮ್ಹಾನ್ಸ್ ಆಗುವುದಕ್ಕೂ ಎಷ್ಟೋ ಮುಂಚೆ, ಮೈಸೂರು ಸಂಸ್ಥಾನದ ಕಾಲದಲ್ಲೇ ಅಲ್ಲಿ ಮಾನಸಿಕ ಆಸ್ಪತ್ರೆ ಇತ್ತು. ಜನರ ಹೆದರಿಕೆಯೂ ಆ ಕಾಲದ್ದೇ. ಒಳಗೆ ಬೇಕರಿ, ಹೊಲಿಗೆ, ನೇಯ್ಗೆ, ಬಡಗಿ ಕೆಲಸ ಕಲಿಸುವ ವಿಭಾಗಗಳಿವೆ ಅಂತ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಮ್ಹಾನ್ಸ್‌ಗೆ ಹೋಗುವುದಕ್ಕೂ ಮುಂಚೆ ಅವನು ಬೇರೊಂದು ಕೇಂದ್ರದಲ್ಲಿದ್ದ. ಹೆಸರು ಬೇಡ. ಅಲ್ಲಿ ಹೋದ ದಿನವೇ ತಲೆ ಬೋಳಿಸಿದರು, ತನ್ನ ಬಟ್ಟೆ ಬಿಡಿಸಿ ಎಲ್ಲರಂಥದ್ದೇ ಒಂದು ಜೊತೆ ಬಟ್ಟೆ ಕೊಟ್ಟರು. ಒತ್ತಾಯದಿಂದ ತಲೆ ಬೋಳಿಸಬಾರದು, ರೋಗಿ ಬಯಸಿದರೆ ತನ್ನದೇ ಬಟ್ಟೆ ಹಾಕಿಕೊಳ್ಳಲು ಬಿಡಬೇಕು, ದುಡಿಸಿಕೊಂಡರೆ ಕೂಲಿ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಬರೆದಿದೆ. ಇದು ನಮಗೆ ಗೊತ್ತಾದದ್ದು ನಿಮ್ಹಾನ್ಸ್‌ನ ಸೋಷಿಯಲ್ ವರ್ಕರ್ ಮೇಡಂ ಹೇಳಿದಾಗ. ಮನೆಯಲ್ಲಿ ಇಂಥ ರೋಗಿ ಇರುವವರು ದಯವಿಟ್ಟು ತಿಳಿದುಕೊಂಡಿರಿ.

ಆ ಮೇಡಂಗೆ ಮೊದಲ ನಮಸ್ಕಾರ. ಮೊದಲ ಭೇಟಿಯಲ್ಲಿ ಅಮ್ಮ ಎಂದಿನಂತೆ ತಮ್ಮನ ಪರವಾಗಿ ಮಾತಾಡಲು ಶುರು ಮಾಡಿದರು. ಮೇಡಂ ಅಮ್ಮನ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು, "ನಿಮಗೆ ಏನು ಮಾಡಬೇಕು ಅನ್ನಿಸುತ್ತೆ?" ಅಂದರು. ಅವನು ಉತ್ತರ ಕೊಡಲಿಲ್ಲ. ಅವರು ಕಾದರು. ಫೈಲು ತಿರುವಲಿಲ್ಲ, ಗಡಿಯಾರ ನೋಡಲಿಲ್ಲ. ತುಂಬ ಹೊತ್ತಾದ ಮೇಲೆ, "ಬೆಳಿಗ್ಗೆ ಏಳೋಕಾಗಲ್ಲ" ಅಂದ. ಕೇಳಿದ್ದಕ್ಕೆ ಅದು ಉತ್ತರ ಅಲ್ಲ ಅಂತ ನಮಗನ್ನಿಸಿತು. ಅವರು ಅದನ್ನೇ ಬರೆದುಕೊಂಡರು. ಅಲ್ಲಿಂದಲೇ ಕೆಲಸ ಶುರುವಾಯಿತು. ಡಾಕ್ಟರ್ ರಾತ್ರಿಯ ಮಾತ್ರೆಯನ್ನು ಸಂಜೆಯ ಊಟದ ಹೊತ್ತಿಗೆ ತಂದರು. ಬೆಳಗಿನ ಮಂಪರು ನಿಧಾನವಾಗಿ ಕಡಿಮೆಯಾಯಿತು.

ಡಾಕ್ಟರ್ ಬಗ್ಗೆಯೂ ಹೇಳಬೇಕು. ಕ್ಲೋಜಪಿನ್ ಅನ್ನುವ ಮಾತ್ರೆ ಶುರು ಮಾಡುವಾಗ ರಕ್ತದ ಬಿಳಿ ಕಣ ಇಳಿಯುತ್ತದೆಯೇ ಅಂತ ಮೊದಮೊದಲು ವಾರ ವಾರ ಪರೀಕ್ಷೆ ಮಾಡಿಸಬೇಕು. ಯಾಕೆ ಚುಚ್ಚುತ್ತಾರೆ, ಏನು ನೋಡುತ್ತಾರೆ, ಜ್ವರ ಬಂದರೆ ಯಾಕೆ ತಕ್ಷಣ ಓಡಿ ಬರಬೇಕು, ಎಲ್ಲವನ್ನೂ ನಮಗಲ್ಲ, ಅವನಿಗೆ ಹೇಳಿದರು. ಈಗ ರಕ್ತ ಪರೀಕ್ಷೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕಿಕೊಳ್ಳುತ್ತಾನೆ.

ಬೇಕರಿ ವಿಭಾಗದ ಮೇಷ್ಟ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ! ನೀವು ಅವನಿಗೆ ಬ್ರೆಡ್ ಮಾಡಲು ಕಲಿಸುತ್ತೀರಿ ಅಂತ ನಾವಂದುಕೊಂಡಿದ್ದೆವು. ನೀವು ಮೊದಲು ಕೊಟ್ಟದ್ದು ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುವ ಕೆಲಸ. ಅದೊಂದೇ. ಅದು ಕೈಗೆ ಹತ್ತಿದ ಮೇಲೆ ತೂಕ. ಔಷಧಿಯಿಂದ ಅವನ ಕೈ ನಡುಗುತ್ತಿತ್ತು, ಹಿಟ್ಟು ತಟ್ಟೆಯಾಚೆ ಚೆಲ್ಲುತ್ತಿತ್ತು. ನೀವು ಬೈಯಲಿಲ್ಲ, ಅವನ ಕೈಯಿಂದ ಕಸಿದುಕೊಂಡು ನೀವೇ ಮಾಡಲೂ ಇಲ್ಲ. ದೊಡ್ಡ ಪಾತ್ರೆ ತಂದಿಟ್ಟು, ಎರಡೂ ಕೈಯಲ್ಲಿ ಹಿಡಿದು ಸುರಿಯಲು ತೋರಿಸಿದಿರಿ. ನಡುಕದ ವಿಷಯ ಡಾಕ್ಟರಿಗೂ ಮುಟ್ಟಿಸಿದಿರಿ. ಒಂದು ದಿನ ಅವನು ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಮೂಲೆಯಲ್ಲಿ ನಿಂತನಂತೆ, ಕಾಯಿಲೆಯಿಂದ ಕಿವಿಯಲ್ಲಿ ಕೇಳುವ ದನಿಗಳು ಜಾಸ್ತಿಯಾಗಿದ್ದವು. "ಹೊರಗೆ ಹೋಗಿ ನಿಲ್ತೀರಾ, ಇಲ್ಲೇ ಕೂರ್ತೀರಾ?" ಅಂತಷ್ಟೇ ನೀವು ಕೇಳಿದಿರಂತೆ. ಇದನ್ನು ಅವನೇ ನನಗೆ ಹೇಳಿದ. ಮಾಡಿದ ಕೆಲಸಕ್ಕೆ ಅಲ್ಲಿ ಕೈಗೆ ಬಂದ ಚಿಕ್ಕ ಮೊತ್ತದಲ್ಲಿ ಅಮ್ಮನಿಗೆ ಒಂದು ಬಾಚಣಿಗೆ ತಂದುಕೊಟ್ಟ.

ನಮಗೂ ಪಾಠ ಸಿಕ್ಕಿತು. ಸ್ನಾನಕ್ಕೆ ಏಳದಿರುವುದು, ಮಾತು ಕಡಿಮೆಯಾಗುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಕಾಯಿಲೆಯದೇ ಇನ್ನೊಂದು ಮುಖ. ಕಿವಿಯಲ್ಲಿ ದನಿಗಳು ನಿಂತ ಮೇಲೂ ಇವು ಉಳಿಯುತ್ತವೆ, ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ. ಮನೆಯಲ್ಲಿ ಬೈಗುಳ, ಹಂಗಿಸುವುದು ಹೆಚ್ಚಾದರೆ ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಹೆಚ್ಚು. "ಸುಮ್ನೆ ಬಿದ್ದಿರ್ತಾನೆ, ನಾಲ್ಕು ಬಿಟ್ರೆ ಸರಿಹೋಗ್ತಾನೆ" ಅನ್ನುತ್ತಿದ್ದ ನೆಂಟರಿಗೆ ಈಗ ಅಪ್ಪನೇ ಇದನ್ನೆಲ್ಲ ವಿವರಿಸುತ್ತಾರೆ. ಮಾತು ಕಡಿಮೆ ಆಡುವ ನಮ್ಮಪ್ಪ!

ವಾರ್ಡಿನ ಸಿಸ್ಟರ್‌ಗಳಿಗೆ, ಆಯಾಗಳಿಗೆ, ಅಟೆಂಡರ್‌ಗಳಿಗೆ ನಮಸ್ಕಾರ. ಅಷ್ಟು ರೋಗಿಗಳ ನಡುವೆಯೂ ಅವನನ್ನು ಹೆಸರು ಹಿಡಿದು, ಬಹುವಚನದಲ್ಲಿ ಮಾತಾಡಿಸಿದಿರಿ. ಅಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುತ್ತಾರಲ್ವಾ, ಹಾಗೆ ಪಕ್ಕದ ಮಂಚದ ಹತ್ತಿರ ಮಗಳ ಜೊತೆಗಿದ್ದ ರಾಯಚೂರು ಕಡೆಯ ಅಕ್ಕ ಅಮ್ಮನಿಗೆ ಜೋಳದ ರೊಟ್ಟಿ ಕೊಟ್ಟು, "ನಾ ನೋಡ್ಕೋತೀನಿ, ಒಂದೀಟು ಮಲಗ್ರಿ" ಅಂದದ್ದನ್ನು ಅಮ್ಮ ಇನ್ನೂ ನೆನೆಯುತ್ತಾರೆ. ಅಕ್ಕ, ನಿಮ್ಮ ಮಗಳು ಚೆನ್ನಾಗಿರಲಿ.

ಕೊನೆಗೆ ಹಾಸನದ ಬೇಕರಿಯ ಯಜಮಾನರಿಗೆ. ಊರೂರಿಗೆ ಬೇಕರಿಯವರನ್ನು ಕಳಿಸಿದ ಜಿಲ್ಲೆ ನಮ್ಮದು. ಆದರೂ ಕಾಯಿಲೆಯ ವಿಷಯ ಮುಚ್ಚಿಡದೆ ಹೇಳಿದ ಮೇಲೆ ಕೆಲಸ ಕೊಟ್ಟವರು ನೀವೊಬ್ಬರೇ. ಬೆಳಗಿನ ಜಾವದ ಕೆಲಸ ಬೇಡ ಅಂತ ಹತ್ತು ಗಂಟೆಗೆ ಬರಹೇಳಿದಿರಿ. ಬೆಂಗಳೂರಿಗೆ ತೋರಿಸಿಕೊಳ್ಳಲು ಹೋಗುವ ದಿನ ರಜೆ ಕೊಡುತ್ತೀರಿ, ಪ್ರಶ್ನೆ ಕೇಳುವುದಿಲ್ಲ. ಹಬ್ಬದ ಗಿರಾಕಿ ಜಾಸ್ತಿ ಇದ್ದಾಗ ಕೌಂಟರಿಗೆ ಬೇಡ, ಒಳಗೇ ಇರ್ತೀನಿ ಅಂತ ಅವನಂದರೆ ಹಾಗೇ ಬಿಡುತ್ತೀರಿ.

ಎಲ್ಲರೂ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವಾಗ ಅಂತ ವಿಚಾರಿಸಿ. ಹಾಸನದ ಸುತ್ತಮುತ್ತ ಅಂಗಡಿ, ಬೇಕರಿ, ಪ್ರೆಸ್ ನಡೆಸುವವರು ಇಂಥ ಒಬ್ಬರಿಗೆ ಕೆಲಸ ಕೊಡುವ ಮನಸ್ಸಿದ್ದೂ ಹೇಗೋ ಏನೋ ಅಂತ ಹಿಂಜರಿಯುತ್ತಿದ್ದರೆ ನನಗೆ ಮೆಸೇಜ್ ಮಾಡಿ. ನಮ್ಮ ಯಜಮಾನರು ನಿಮ್ಮ ಜೊತೆ ಮಾತಾಡಲು ಒಪ್ಪಿದ್ದಾರೆ.