ಅಪ್ಪನ ಯೆಜ್ಡಿ ಘಾಟಿ ಹತ್ತಿತು

ನಿನ್ನೆ ಅಪ್ಪನ ಯೆಜ್ಡಿ ಬೈಕ್ ಸೋಮೇಶ್ವರದಿಂದ ಆಗುಂಬೆಗೆ ಹತ್ತಿತು. 14 ತಿರುವುಗಳಲ್ಲಿ ಒಂದರಲ್ಲೂ ಕ್ಲಚ್ ಜಾರಲಿಲ್ಲ. ಅಪ್ಪ ಹೋದ ಮೇಲೆ ಗಾಡಿ ಮೂಲೆ ಸೇರಿದ್ದು, ಅದನ್ನು ಎಬ್ಬಿಸಲು ನಾನು ಒದ್ದಾಡಿದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ಯೆಜ್ಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಮೈಸೂರಿನ ಸಂದುಗೊಂದು ಸುತ್ತಿ ಕ್ಲಚ್ಚಿನ ಕಾರ್ಕ್ ಪ್ಲೇಟ್ ಹುಡುಕಿ ಕಳಿಸಿದ ಗೆಳೆಯನಿಗೆ, ಮಳೆಗಾಲವಿಡೀ ಸೌದೆ ಕೊಟ್ಟಿಗೆ ಬಿಟ್ಟುಕೊಟ್ಟ ಚಿಕ್ಕಪ್ಪನಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ ಕಾಸಿಕೊಟ್ಟ ಅಮ್ಮನಿಗೆ ತುಂಬಾ ಥ್ಯಾಂಕ್ಸ್.

ಇನ್ನು ಗಾಡಿ ರಿಪೇರಿ ಮೇಸ್ತ್ರಿ.

ಆ ರಾತ್ರಿ ತೀರ್ಥಹಳ್ಳಿಯಲ್ಲಿ ಜಡಿಮಳೆ, ಕರೆಂಟಿಲ್ಲ. ಆಯಿಲಿನಲ್ಲಿ ನೆನೆಸಿಟ್ಟ ಹೊಸ ಪ್ಲೇಟ್ ಹಾಕಿ ಮುಗಿಸಿದ್ದೆ. ಕ್ಲಚ್ ಲಿವರ್ ಪೂರ್ತಿ ಹಿಡಿದರೂ ಪ್ಲೇಟುಗಳು ಬಿಡುತ್ತಿರಲಿಲ್ಲ. ಗೇರ್ ಹಾಕಿದ ತಕ್ಷಣ ಗಾಡಿ ಮುಂದಕ್ಕೆ ಹಾರಿ ಆಫ್. ಕೇಬಲ್ ಬಿಗಿ ಮಾಡುತ್ತಲೇ ಹೋದೆ. ಕೊನೆಗೆ ಕ್ಲಚ್ ಜಾರತೊಡಗಿತು. ಹನ್ನೊಂದು ಗಂಟೆಗೆ ಸೋತು ಫೋನ್ ಮಾಡಿದೆ. ಎಪ್ಪತ್ತು ದಾಟಿದ ಜೀವ, ಕೊಡೆ ಹಿಡಿದು ನಡೆದೇ ಬಂದರು.

"ಕೇಬಲ್ ಕೊನೆಗೆ ಮಾರಾಯ, ಮೊದಲು ಒಳಗೆ ನೋಡು," ಅಂದರು. ಕೇಬಲ್ ಪೂರ್ತಿ ಸಡಿಲ ಬಿಟ್ಟರು. ಒಳಗಿನ ಸ್ಕ್ರೂ ತಾಗುವವರೆಗೆ ತಿರುಗಿಸಿ, ಚೂರು ಹಿಂದಕ್ಕೆ ತಂದು, ಲಾಕ್ ನಟ್ ಬಿಗಿದರು. ಆಮೇಲೆ ಕೇಬಲ್. ಲಿವರಿನಲ್ಲಿ 2–3 ಮಿಲಿಮೀಟರ್ ಆಟ, ಅಂದರೆ ಸಡಿಲ, ಬಿಡಲೇಬೇಕಂತೆ. ಇಲ್ಲದಿದ್ದರೆ ಪ್ಲೇಟುಗಳು ಸರಿಯಾಗಿ ಹಿಡಿಯದೆ ಜಾರಿ ಜಾರಿ ಸುಡುತ್ತವೆ. ನಾನು ಆ ಆಟವನ್ನೇ ಇಲ್ಲವಾಗಿಸಿದ್ದೆ.

ನಡುವೆ ಹಳೇ ಪ್ಲೇಟನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದರು. "ನಿಮ್ಮಪ್ಪ ಘಾಟಿಯಲ್ಲಿ ಅರ್ಧ ಕ್ಲಚ್ ಹಿಡಿದೇ ಓಡಿಸೋರು. ಎಷ್ಟು ಸಲ ಬೈದಿದ್ದೀನೋ."

ಕಾರ್ಕ್ ಸವೆದಿದ್ದು ಅಪ್ಪನ ಎಡಗೈಯಿಂದ. ಅವರು ಹೋಗಿ ಎರಡು ವರ್ಷ, ನಾನು ಅತ್ತಿರಲಿಲ್ಲ. ಅವತ್ತು ಆಯಿಲ್ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಮೇಸ್ತ್ರಿ ಟಾರ್ಚ್ ಆರಿಸಿ ಸುಮ್ನೆ ಪಕ್ಕದಲ್ಲಿ ಕೂತರು. ಎಷ್ಟೋ ಹೊತ್ತಾದ ಮೇಲೆ, "ಕಿಕ್ ಹೊಡಿ," ಅಂದರು.

ಕಿಕ್ ಹೊಡೆದೆ. ಯೆಜ್ಡಿಯಲ್ಲಿ ಕಿಕ್ಕರೇ ಗೇರ್ ಲಿವರ್; ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಿದೆ. ಸದ್ದಿಲ್ಲದೆ ಬಿತ್ತು. ಗಂಟೆ ಮೂರಾಗಿತ್ತು.

ಮೇಸ್ತ್ರಿ, ನೀವು ದುಡ್ಡು ಮುಟ್ಟಲಿಲ್ಲ. ಹಳೇ ಪ್ಲೇಟ್ ಎಸೆದುಬಿಡು ಅಂದಿದ್ದಿರಿ, ಎಸೆದಿಲ್ಲ. ಅಪ್ಪನ ಫೋಟೋ ಕೆಳಗಿನ ಗೂಡಿನಲ್ಲಿವೆ. ಈ ಭಾನುವಾರ ಗಾಡಿ ತರುತ್ತೇನೆ. ಮಂಡಗದ್ದೆವರೆಗೆ ನೀವೇ ಓಡಿಸಬೇಕು, ನಾನು ಹಿಂದೆ ಕೂರುತ್ತೇನೆ.