ನಿನ್ನ ಕೈಗೆ ಬರುತ್ತಿರುವ ಹುಡುಗನ ಬಗ್ಗೆ

ಪ್ರೀತಿಯ ದೋಸ್ತ,

ನಿನ್ನ ಮೆಸೇಜು ನೋಡಿದೆ. "ಈ ವರ್ಷ ಕೊಡಗಿನ ನಮ್ಮ ಹಾಕಿ ಹಾಸ್ಟೆಲ್‌ಗೆ ಆಯ್ಕೆಯಾದವರ ಪಟ್ಟಿ ಬಂದಿದೆ, ಅದರಲ್ಲಿ ಬಳ್ಳಾರಿಯ ಒಬ್ಬ ಫಾರ್ವರ್ಡ್ ಇದ್ದಾನೆ, ನಿನ್ನ ಹತ್ತಿರ ಆಡಿ ಬೆಳೆದವನಂತೆ, ಹೇಗಿದ್ದಾನೆ ಹೇಳು" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ "ಚೆನ್ನಾಗಿ ಆಡ್ತಾನೆ, ನೋಡ್ಕೋ" ಅಂದು ಮುಗಿಸಿಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಕಡೆ ಮಕ್ಕಳನ್ನು ಆಡಿಸುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹುಡುಗನ ಹೆಸರು ಮಾತ್ರ ಬರೆಯುವುದಿಲ್ಲ. ನಿನಗೆ ಗೊತ್ತಲ್ಲ, ಸಾಕು.

ಮೊದಲು ಒಂದು ಮಾತು. ಅವನ ಫೈಲಿನಲ್ಲಿ ಗೋಲುಗಳ ಲೆಕ್ಕ ಇರುತ್ತದೆ. ಶಾಲಾ ಪಂದ್ಯಾವಳಿಯಲ್ಲಿ ನಾಲ್ಕು ಮ್ಯಾಚಿಗೆ ಒಂಬತ್ತು ಗೋಲು. ನಾನೇ ಬರೆದುಕೊಟ್ಟದ್ದು, ಸುಳ್ಳಲ್ಲ. ಆದರೆ ಅದನ್ನು ಪಕ್ಕಕ್ಕೆ ಇಡು. ಒಂಬತ್ತರಲ್ಲಿ ಆರು ಗೋಲು ಬರೀ ಓಟದಿಂದ ಬಂದವು. ಎದುರಿನ ಡಿಫೆಂಡರ್ ಮಕ್ಕಳು ತಿರುಗಿ ನೋಡುವಷ್ಟರಲ್ಲಿ ಇವನು ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ ಇರುತ್ತಿದ್ದ. ಗೋಲ್‌ಕೀಪರ್‌ಗೆ ಅಳತೆಗೆ ಸರಿಯಾದ ಪ್ಯಾಡೂ ಇರಲಿಲ್ಲ, ಪಾಪ. ನಿಮ್ಮಲ್ಲಿ ಅಂಥ ಡಿಫೆನ್ಸ್ ಸಿಗುವುದಿಲ್ಲ. ಮೊದಲ ಆರು ತಿಂಗಳು ಅವನಿಗೆ ಗೋಲೇ ಬರದಿದ್ದರೂ ನನಗೆ ಆಶ್ಚರ್ಯವಿಲ್ಲ. ಆಗ ನೀನು "ಬಳ್ಳಾರಿಯವನು ಸುಮ್ನೆ ಹೊಗಳಿದ" ಅಂದುಕೊಳ್ಳಬಾರದು ಅಂತ ಈಗಲೇ ಹೇಳುತ್ತಿದ್ದೇನೆ.

ನಾನು ಅವನನ್ನು ನಂಬಿದ್ದು ಬೇರೆ ಕಾರಣಕ್ಕೆ. ಆಯ್ಕೆಯ ದಿನ ಬೆಳಿಗ್ಗೆ ಎಲ್ಲರಿಗೂ ಮಾಡುವಂತೆ ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, 800 ಮೀಟರ್ ಓಟ ಎಲ್ಲಾ ಮುಗಿಸಿದರು. ಆಮೇಲೆ ಎರಡು ತಂಡ ಮಾಡಿ ಆಡಿಸಿದರು. ಹತ್ತು ಗಂಟೆ ದಾಟಿತ್ತು. ನಮ್ಮೂರಿನ ಬಿಸಿಲು ನಿನಗೆ ಹೇಳಬೇಕಾ? ಇವನು ಬಲಗಡೆ ಚೆಂಡು ತಗೊಂಡು ನುಗ್ಗಿದ, 23 ಮೀಟರ್ ಗೆರೆಯ ಹತ್ತಿರ ಒಬ್ಬನನ್ನು ದಾಟಿದ, ಎರಡನೆಯವನ ಹತ್ತಿರ ಕಳಕೊಂಡ. ಅಲ್ಲಿಗೆ ಸಾಮಾನ್ಯವಾಗಿ ಏನಾಗುತ್ತದೆ? ಫಾರ್ವರ್ಡ್ ಹುಡುಗ ಸ್ಟಿಕ್ ನೆಲಕ್ಕೆ ಬಡಿಯುತ್ತಾನೆ, ಇಲ್ಲವೇ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ಆಯ್ಕೆಗೆ ಬಂದವನಂತೂ ಆಯ್ಕೆದಾರರ ಮುಖ ನೋಡುತ್ತಾನೆ. ಇವನು ಯಾರ ಮುಖವನ್ನೂ ನೋಡಲಿಲ್ಲ. ಕಳಕೊಂಡ ಜಾಗದಿಂದಲೇ ತಿರುಗಿ ಆ ಹುಡುಗನ ಹಿಂದೆ ಬಿದ್ದ. ಮೈದಾನದ ಮಧ್ಯದ ಗೆರೆ ದಾಟಿದ ಮೇಲೆ, ಅವನ ಎಡಗಡೆಯಿಂದ ಬಗ್ಗಿ, ಕಾಲಿಗೆ ತಾಗಿಸದೆ ಬರೀ ಸ್ಟಿಕ್ ಚಾಚಿ ಚೆಂಡು ಕಿತ್ತುಕೊಂಡ. ಕಿತ್ತುಕೊಂಡು ತಾನೇ ಓಡಲಿಲ್ಲ, ಪಕ್ಕದಲ್ಲಿ ಖಾಲಿ ನಿಂತಿದ್ದವನಿಗೆ ಪುಶ್ ಮಾಡಿದ. ನಾನು ಗೆರೆಯ ಹೊರಗೆ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ.

ಇದನ್ನು ನಾನು ಅವನಿಗೆ ಕಲಿಸಿಲ್ಲ. ಓಟ ಕಲಿಸಬಹುದು, ಹಿಟ್ ಕಲಿಸಬಹುದು. ಚೆಂಡು ಹೋದ ಮರುಕ್ಷಣಕ್ಕೆ ತಿರುಗುವುದನ್ನು ಹತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೇನೋ, ಹೇಳಿದ್ದರಿಂದ ಬಂದದ್ದು ಕಡಿಮೆ.

ಗೋಲಿನ ಲೆಕ್ಕದ ಮಾತಿಗೆ ಮತ್ತೆ ಬರುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಹೊಡೆದದ್ದು ಒಟ್ಟು 15 ಗೋಲು. ಅದರಲ್ಲಿ 10 ಹರ್ಮನ್‌ಪ್ರೀತ್ ಸಿಂಗ್ ಒಬ್ಬರದ್ದೇ. ಅವರು ಆಡುವುದು ಡಿಫೆನ್ಸ್‌ನಲ್ಲಿ. ಸ್ಪೇನ್ ಮೇಲೆ 2-1ರಿಂದ ಗೆದ್ದು ಕಂಚು ತಂದ ಮ್ಯಾಚಿನ ಎರಡೂ ಗೋಲು ಪೆನಾಲ್ಟಿ ಕಾರ್ನರ್‌ನಿಂದ, ಅಂದರೆ ಡಿ ಒಳಗೆ ಎದುರಿನವರು ತಪ್ಪು ಮಾಡಿದಾಗ ಸಿಗುವ ಹೊಡೆತದಿಂದ ಬಂದವು. ಆ ಕಾರ್ನರ್‌ಗಳು ಸುಮ್ಮನೆ ಸಿಗುತ್ತವಾ? ಯಾರೋ ಒಬ್ಬ ಫಾರ್ವರ್ಡ್ ಡಿ ಒಳಗೆ ನುಗ್ಗಿ, ಡಿಫೆಂಡರ್‌ನ ಕಾಲಿಗೆ ಚೆಂಡು ತಗುಲಿಸಿ, ಇಲ್ಲವೇ ತಪ್ಪು ಟ್ಯಾಕಲ್ ಮಾಡಿಸಿ ಅದನ್ನು ಗಳಿಸಿರುತ್ತಾನೆ. ಸ್ಕೋರ್ ಶೀಟಿನಲ್ಲಿ ಅವನ ಹೆಸರು ಬರುವುದಿಲ್ಲ. ನಮ್ಮ ಹುಡುಗನಿಗೆ ಈ ವಿದ್ಯೆ ಇದೆ. ಡಿ ಅಂಚಿಗೆ ಬಂದಾಗ ಚೆಂಡನ್ನು ಸ್ವಲ್ಪ ಮುಂದೆ ಬಿಟ್ಟ ಹಾಗೆ ತೋರಿಸುತ್ತಾನೆ. ಎದುರಿನವನು ಕಾಲು ಮುಂದಿಟ್ಟ ಕೂಡಲೇ ಆ ಕಾಲಿಗೇ ಪುಶ್ ಮಾಡುತ್ತಾನೆ. ನಿನ್ನ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಗೋಲಿಗೆ ಒಂದು ಕಾಲಂ ಇದ್ದರೆ, ಗಳಿಸಿದ ಕಾರ್ನರ್‌ಗೆ ಒಂದು, ವಾಪಸ್ ಗೆದ್ದ ಚೆಂಡಿಗೆ ಒಂದು ಹಾಕು. ಒಂದು ವರ್ಷದ ಮೇಲೆ ಆ ಎರಡು ಕಾಲಂ ನೋಡಿ ಮಾತಾಡೋಣ.

ನಿನ್ನ ಕಡೆಯವರೇ ಆದ ಸುನಿಲ್ ಅವರನ್ನು ನೆನಪು ಮಾಡಿಕೋ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಭಾರತಕ್ಕೆ 264 ಮ್ಯಾಚ್ ಆಡಿದರು, ಹೊಡೆದ ಗೋಲು 72. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಮ್ಯಾಚಿಗೆ ಒಂದು. ಆದರೂ ಎರಡು ಒಲಿಂಪಿಕ್ಸ್ ಆಡಿದರು, 2014ರ ಏಷ್ಯನ್ ಗೇಮ್ಸ್ ಚಿನ್ನ ತಂದ ತಂಡದಲ್ಲಿದ್ದರು. ಅವರು ಬಲಗಡೆ ಓಡಿದರೆ ಎದುರಿನ ಇಬ್ಬರು ಡಿಫೆಂಡರ್‌ಗಳು ಅವರ ಹಿಂದೆ ಹೋಗಬೇಕಿತ್ತು, ಮಧ್ಯದಲ್ಲಿ ಬೇರೆಯವರಿಗೆ ಜಾಗ ಸಿಗುತ್ತಿತ್ತು. ನಮ್ಮ ಹುಡುಗ ಸುನಿಲ್ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಹದಿನಾಲ್ಕು ವರ್ಷದ ಮಗುವಿನ ಬಗ್ಗೆ ಹಾಗೆಲ್ಲ ಹೇಳಬಾರದು. ಅವನು ಆ ಬಗೆಯ ಫಾರ್ವರ್ಡ್ ಅಂತ ಮಾತ್ರ ಹೇಳುತ್ತಿದ್ದೇನೆ.

ಈಗ ಕೊರತೆಗಳು. ಇದನ್ನು ಮುಚ್ಚಿಟ್ಟರೆ ನಿನಗೂ ಮೋಸ, ಅವನಿಗೂ ಮೋಸ.

ಅವನು ತಲೆ ಎತ್ತುವುದಿಲ್ಲ. ಚೆಂಡು ಸ್ಟಿಕ್ಕಿಗೆ ಬಂದ ಕೂಡಲೇ ಕಣ್ಣು ಚೆಂಡಿಗೆ ಅಂಟಿಬಿಡುತ್ತದೆ. ಇದು ಅವನ ತಪ್ಪಲ್ಲ, ನಮ್ಮ ಮೈದಾನದ್ದು. ನೀನೂ ಅಲ್ಲೇ ಆಡಿದವನು. ಎರೆ ಮಣ್ಣಿನ ಮೇಲೆ ಗರಸು ಹಾಕಿ ರೋಲರ್ ಹೊಡೆದ ನೆಲ. ಮಳೆಗಾಲ ಮುಗಿದ ಮೇಲೆ ಒಣಗಿ ಬಿರುಕು ಬಿಡುತ್ತದೆ. ಚೆಂಡು ಒಂದು ಸಲ ನೇರ ಬಂದರೆ ಇನ್ನೊಂದು ಸಲ ಹರಳಿಗೆ ತಾಗಿ ಮೊಣಕಾಲಿಗೆ ಹಾರುತ್ತದೆ. ಅಂಥ ಕಡೆ ಒಂದು ಕ್ಷಣ ಕಣ್ಣು ತೆಗೆದರೆ ಚೆಂಡು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಕಣ್ಣು ಕೆಳಗಿಟ್ಟು ಆಡುವುದು ಅಭ್ಯಾಸವಾಗಿದೆ. ಅದೇ ಮಣ್ಣು ಅವನಿಗೆ ಒಂದು ಒಳ್ಳೆಯದನ್ನೂ ಕೊಟ್ಟಿದೆ. ಕೈ ಬಹಳ ಮೃದು. ಹೇಗೆ ಹಾರಿ ಬಂದ ಚೆಂಡನ್ನೂ ಕೆಳಗಿನ ಕೈ ಸಡಿಲ ಬಿಟ್ಟು, ಮಗುವನ್ನು ಎತ್ತಿಕೊಂಡ ಹಾಗೆ ತಗೊಳ್ಳುತ್ತಾನೆ. ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸಿನ ಮೇಲೆ ಚೆಂಡು ಗೆರೆ ಎಳೆದ ಹಾಗೆ ಬರುತ್ತದೆ. ನೆಲವನ್ನು ನಂಬಬಹುದು ಅಂತ ಅವನಿಗೆ ಗೊತ್ತಾದ ದಿನ ತಲೆ ತಾನಾಗಿ ಮೇಲೆ ಬರುತ್ತದೆ ಅಂತ ನನ್ನ ನಂಬಿಕೆ. ಅದಕ್ಕೆ ಎಷ್ಟು ದಿನ ಬೇಕು ಅನ್ನುವುದೇ ನಿನಗೂ ನನಗೂ ಇರುವ ದೊಡ್ಡ ಪ್ರಶ್ನೆ.

ಅವಸರ ಮಾಡಬೇಡ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ನಮ್ಮ ದೇಶ, ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಟರ್ಫ್ ಹಾಸಿದ್ದು ಅಲ್ಲೇ. ಅಂಥ ಆಟಗಾರರೇ ಕಾಲ ಕೆಳಗಿನ ನೆಲ ಬದಲಾದಾಗ ತಡವರಿಸಿದರು. ನಮ್ಮ ಹುಡುಗ ಟರ್ಫ್ ಮೇಲೆ ಕಾಲಿಟ್ಟಿರುವುದು ಜೀವನದಲ್ಲಿ ಎರಡೇ ಸಲ. ಎರಡನೇ ಸಲ ನೀರು ಹಾಕಿದ ಟರ್ಫ್ ಮುಟ್ಟಿ ನೋಡಿ, "ಸರ್, ಇದಕ್ಕ ನೀರ್ ಯಾಕ್ ಹಾಕ್ತಾರ್ರಿ, ಬೆಳಿಯೋದಿಲ್ಲಲ್ರಿ?" ಅಂತ ಕೇಳಿದ. ಒಣ ಟರ್ಫ್ ಮೇಲೆ ಬಿದ್ದರೆ ಚರ್ಮ ಕಿತ್ತು ಬರುತ್ತದೆ, ನೀರಿದ್ದರೆ ಚೆಂಡೂ ಜಾರುತ್ತದೆ ಅಂತ ಹೇಳಿದೆ. ಸುಮ್ಮನೆ ತಲೆ ಆಡಿಸಿ ಮತ್ತೊಮ್ಮೆ ಮುಟ್ಟಿದ.

ಎರಡನೇ ಕೊರತೆ ರಿವರ್ಸ್. ಎಡಗಡೆ ಬಂದ ಚೆಂಡನ್ನು ಸ್ಟಿಕ್ ತಿರುಗಿಸಿ ನಿಲ್ಲಿಸುತ್ತಾನೆ, ಆದರೆ ಅಲ್ಲಿಂದ ಹೊಡೆಯುವುದಿಲ್ಲ. ಬಲಕ್ಕೆ ತಂದುಕೊಳ್ಳಲು ಒಂದು ಸುತ್ತು ಹಾಕುತ್ತಾನೆ. ಅಷ್ಟರಲ್ಲಿ ಅವಕಾಶ ಹೋಗಿರುತ್ತದೆ. ನಮ್ಮ ನೆಲದಲ್ಲಿ ಸ್ಟಿಕ್ಕಿನ ಅಂಚಿನಿಂದ ಬಗ್ಗಿ ಹೊಡೆಯಲು ಹೋದರೆ ಗೆಣ್ಣಿನ ಚರ್ಮ ಸುಲಿಯುತ್ತದೆ. ಅದಕ್ಕೆ ನಾನೂ ಒತ್ತಾಯ ಮಾಡಲಿಲ್ಲ. ಇದು ನನ್ನ ಕೈಯಲ್ಲಿ ಆಗದೆ ಉಳಿದ ಕೆಲಸ. ನೀನು ಮಾಡಿಸಬೇಕು.

ಹಿಟ್, ಪುಶ್ ಸರಿಯಾಗಿವೆ. 800 ಮೀಟರ್‌ನಲ್ಲಿ ಕೊನೆಯ ಸುತ್ತಿಗೆ ಸ್ವಲ್ಪ ಸೋಲುತ್ತಾನೆ, ಅದು ಊಟದಿಂದ ಸರಿಹೋಗುತ್ತದೆ. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್ ಫ್ಲಿಕ್ ಇನ್ನೂ ಶುರು ಮಾಡಿಸಿಲ್ಲ. ಸೊಂಟ, ಬೆನ್ನು ಗಟ್ಟಿಯಾಗುವವರೆಗೆ ನೀನೂ ಮಾಡಿಸಬೇಡ.

ಇನ್ನೊಂದು ಮಾತು ಬೇಡಿಕೊಳ್ಳುತ್ತೇನೆ. ಅವನು ಎತ್ತರಕ್ಕೆ ಬೆಳೆಯುತ್ತಾನೆ. ಅವರ ಸೋದರಮಾವ ಆರಡಿ ಇದ್ದಾರೆ. ಎತ್ತರ ಆದ ಅಂತ ಅವನನ್ನು ಹಿಂದೆ, ಫುಲ್ ಬ್ಯಾಕ್‌ಗೆ ಹಾಕಬೇಡ. ನನ್ನ ಕಥೆ ನಿನಗೆ ಗೊತ್ತು. ಹದಿನೇಳಕ್ಕೆ ನಾನು ಲೆಫ್ಟ್ ಔಟ್, ಅಂದರೆ ಎಡ ಅಂಚಿನ ಫಾರ್ವರ್ಡ್ ಆಡುತ್ತಿದ್ದೆ. ಒಂದು ಕ್ಯಾಂಪಿನಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ ಅಳೆದು, "ಇಷ್ಟುದ್ದ ಇದ್ದೀಯ, ಹಿಂದೆ ನಿಲ್ಲು" ಅಂದರು. ಒಂದು ಮ್ಯಾಚೂ ನೋಡಿರಲಿಲ್ಲ. ಎರಡು ವರ್ಷ ಹಿಂದೆ ನಿಂತು ಚೆಂಡು ಹೊರಗೆ ಹೊಡೆಯುತ್ತಿದ್ದೆ, ಆಮೇಲೆ ಆಟವೇ ಬೇಡ ಅನ್ನಿಸಿತು. ಆ ದಿನ ರಾತ್ರಿ ಕೋಟೆ ಗುಡ್ಡದ ಕೆಳಗೆ ಕೂತು ನೀನು ನನ್ನ ಜೊತೆ ಮಾತಾಡಿದ್ದು ಇವತ್ತಿಗೂ ನೆನಪಿದೆ. ಅದು ಈ ಹುಡುಗನಿಗೆ ಆಗಬಾರದು.

ಈಗಿನ ಆಟದಲ್ಲಿ ಎತ್ತರದ ಫಾರ್ವರ್ಡ್‌ಗೆ ಕೆಲಸ ಜಾಸ್ತಿಯೇ ಇದೆ. ಆಫ್‌ಸೈಡ್ ನಿಯಮ ತೆಗೆದ ಮೇಲೆ ಗೋಲಿನ ಮುಂದೆ ಹೋಗಿ ನಿಲ್ಲಬಹುದು, ಉದ್ದ ಕೈ ಚಾಚಿ ಚೆಂಡಿನ ದಿಕ್ಕು ತಿರುಗಿಸಬಹುದು. 15 ನಿಮಿಷದ ನಾಲ್ಕು ಕ್ವಾರ್ಟರ್, ಬೇಕಾದಾಗಲೆಲ್ಲ ಬದಲಿ ಆಟಗಾರ. ಅಂದರೆ ಫಾರ್ವರ್ಡ್ ಕೆಲವೇ ನಿಮಿಷ ಇದ್ದರೂ ಜೀವ ಬಿಟ್ಟು ಓಡಬೇಕು, ಚೆಂಡು ಹೋದರೆ ಅಲ್ಲೇ ಎದುರಿನವನ ಮೇಲೆ ಬಿದ್ದು ಒತ್ತಡ ಹಾಕಬೇಕು. ನಮ್ಮ ಕಾಲಕ್ಕೆ ಮುಂದೆ ನಿಂತು ಚೆಂಡಿಗೆ ಕಾಯುತ್ತಿದ್ದೆವು. ಇವನು ಹುಟ್ಟಿದ್ದೇ ಈಗಿನ ಆಟಕ್ಕೆ.

ದಾರಿಯೂ ಮೊದಲಿಗಿಂತ ಚೆನ್ನಾಗಿದೆ. ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ 24 ಜನರ ತಂಡದಲ್ಲಿ ಕನಿಷ್ಠ ನಾಲ್ವರು ಜೂನಿಯರ್ ಆಟಗಾರರು ಇರಲೇಬೇಕು ಅಂತ ಮಾಡಿದರು. ಅದು ದೂರದ ಮಾತು. ಆದರೆ ಅವನ ತಾಯಿಗೆ ಹೇಳಲು ನನಗೊಂದು ಮಾತು ಸಿಕ್ಕಿತು.

ತಾಯಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಬೆರಳ ತುದಿ ನೀಲಿ ಬಣ್ಣಕ್ಕೆ ತಿರುಗಿವೆ. ಫಾರಂಗೆ ಸಹಿ ಹಾಕಿಸಲು ಹೋದಾಗ ಅವರು ಹಾಕಿ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲಿ ಮಳಿ ಭಾಳ ಅಂತಾರಲ್ರಿ ಸರ್, ಬಟ್ಟಿ ಒಣಗತಾವೇನ್ರಿ?" ಅಂದರು. "ರೊಟ್ಟಿ ಕೊಡ್ತಾರೇನ್ರಿ?" ಅಂದರು. ರೊಟ್ಟಿ ಸಿಗಲ್ಲಮ್ಮ, ಅನ್ನ, ಮೊಟ್ಟೆ, ಹಾಲು ಹೊಟ್ಟೆ ತುಂಬ ಕೊಡುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ನೀನಿರುವ ಕಡೆ ಹಾಕಿ ಅಂದರೆ ಹಬ್ಬ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳವರೆಗೆ ಬೆಳೆಯಿತು. ನಮ್ಮಲ್ಲಿ ಸ್ಟಿಕ್ ಹಿಡಿದು ಕೌಲ್ ಬಜಾರಿನಲ್ಲಿ ನಡೆದರೆ ಯಾರ ಜೊತೆ ಜಗಳ ಅಂತ ಕೇಳುತ್ತಾರೆ. ಅಜ್ಜ, ಅಪ್ಪ, ಅತ್ತೆ ಎಲ್ಲರೂ ಸ್ಟಿಕ್ ಹಿಡಿದ ಮನೆಗಳಿಂದ ಬಂದ ಮಕ್ಕಳ ಮಧ್ಯೆ ಇವನು ಮೊದಲು ಮಂಕಾಗುತ್ತಾನೆ. ಮಾತು ಕಡಿಮೆ ಮಾಡುತ್ತಾನೆ. ಅಹಂಕಾರ ಅಂದುಕೊಳ್ಳಬೇಡ. ನೋವಾದರೂ ಹೇಳುವುದಿಲ್ಲ. ಈಗ ಬೆಳೆಯುವ ವಯಸ್ಸು, ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಬರಬಹುದು. ಓಡುವಾಗ ಒಂದು ಕಾಲು ಎಳೆದ ಹಾಗೆ ಕಂಡರೆ ನೀನೇ ಕೂರಿಸಿ ಕೇಳು.

ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಹತ್ತಿಸುತ್ತೇನೆ. ಸೋದರಮಾವ ಜೊತೆಗೆ ಬರುತ್ತಾರೆ. ಮೈಸೂರಿನಲ್ಲಿ ಇಳಿದು ಅಲ್ಲಿಂದ ಬಸ್ಸು. ಅವನ ಸ್ಟಿಕ್ 36 ಇಂಚಿನದು, ತುದಿಗೆ ಮೂರು ಸುತ್ತು ಟೇಪ್ ಇದೆ. ಹೊಸದು ಕೊಟ್ಟರೂ ಇದನ್ನು ಬಿಸಾಡಿಸಬೇಡ, ಸ್ವಲ್ಪ ದಿನ ಇಟ್ಟುಕೊಳ್ಳಲಿ. ಬ್ಯಾಗಿನಲ್ಲಿ ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಇರುತ್ತದೆ. ಮೊದಲ ದಿನವೇ ನಿನ್ನ ಮುಂದೆ ಇಡುತ್ತಾನೆ. ಬೇಡ ಅನ್ನಬೇಡ.

ನಿನ್ನ,
ಬಳ್ಳಾರಿಯ ಗೆಳೆಯ